ಮನೆಯ ಮುಖ್ಯಸ್ಥರ ನಂಬರು

ಈ ಪಾಠಕ್ಕೆ ನಾನು ಕೊಟ್ಟ ಬೆಲೆ ನನ್ನ ತಂಗಿ. ಅದರಿಂದ ನನಗೆ ಬಂದದ್ದು ಮನೆಯೊಂದಕ್ಕೆ ಎಂಬತ್ತು ರೂಪಾಯಿ. ಅವರು ಅರವತ್ತು ಎಂದಿದ್ದರು; ಎಂಬತ್ತಕ್ಕೆ ಏರಿಸಿದವನು ನಾನೇ. ಜೀವನವಿಡೀ ವ್ಯಾಪಾರ ಮಾಡಿಕೊಂಡು ಬಂದಿದ್ದೇನೆ, ಇದಕ್ಕಿಂತ ಕೆಟ್ಟ ವ್ಯಾಪಾರ ಮಾಡಿದವನನ್ನು ಇನ್ನೂ ಕಂಡಿಲ್ಲ. ಯಾಕೆ ಹೀಗಾಯಿತು ಎಂದು ಬರೆದಿಡುತ್ತೇನೆ. ಕಾರಣ ತಿಳಿದರೆ ತಂಗಿ ಬರುವುದಿಲ್ಲ. ಆದರೆ ಇಷ್ಟು ಕೊಟ್ಟು ಕೊಂಡದ್ದನ್ನು ನನ್ನೊಬ್ಬನ ಹತ್ತಿರವೇ ಇಟ್ಟುಕೊಂಡು ಏನು ಮಾಡಲಿ?

ನನ್ನ ಕಸುಬು ಹಳೆ ಮನೆಗಳದ್ದು. ಯಾರಾದರೂ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದಾದರೆ ಅದರ ಹಂಚು, ಹಂಚಿನಡಿಯ ಪಕ್ಕಾಸು, ಬಾಗಿಲು, ಕಂಬ ಎಲ್ಲವನ್ನೂ ನಾನು ಕೊಳ್ಳುತ್ತೇನೆ. ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ನನ್ನ ಶೆಡ್ಡು, ಅದರ ಹಿಂದೆ ನನ್ನ ಮನೆ. ಟೆಂಪೋಗೆ ಲೋಡ್ ಮಾಡುವ ಕೆಲಸದಿಂದ ಶುರು ಮಾಡಿ ಟೆಂಪೋ ಕೊಂಡವನು ನಾನು; ಶಾಲೆ ಕಲಿತದ್ದು ಕಡಿಮೆ. ಯಾವ ಮನೆಯ ಮುಂದೆ ನಿಂತರೂ ಮೊದಲು ತಲೆಯೆತ್ತಿ ಹಂಚಿನ ಮಾಡು ನೋಡುತ್ತೇನೆ, ಆಮೇಲೆ ಮನುಷ್ಯರನ್ನು. ಈ ಅಭ್ಯಾಸದಿಂದಾಗಿ ಊರಿನ ಪ್ರತಿ ಮನೆಯೂ ನನಗೆ ಗೊತ್ತು. ಯಾವ ಮನೆಯಲ್ಲಿ ಯಾರಿಗೆ ಯಾರ ಹತ್ತಿರ ಮಾತಿಲ್ಲ, ಯಾರ ನಾಯಿ ಕಚ್ಚುತ್ತದೆ, ಎಲ್ಲವೂ.

ಅದಕ್ಕೇ ಅವರು ನನ್ನನ್ನು ಹುಡುಕಿಕೊಂಡು ಬಂದದ್ದು. ಮಣಿಪಾಲದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಒಂದು ಸಣ್ಣ ಸಂಶೋಧನಾ ತಂಡ. ನೆರೆ ಬಂದರೆ, ಸಮುದ್ರ ಉಕ್ಕಿದರೆ, ಸರಕಾರ ಬಂದು ಮುಟ್ಟುವ ಮೊದಲು ಊರಿನವರೇ ತಮ್ಮನ್ನು ತಾವು ಎಷ್ಟು ನೋಡಿಕೊಳ್ಳಬಲ್ಲರು ಎಂಬುದು ಅವರ ವಿಷಯ. ಮನೆಮನೆಯ ಮಾಹಿತಿ ಸಂಗ್ರಹಿಸಿ, ಅಪಾಯ ಬಂದಾಗ ಪ್ರತಿ ಮನೆಗೂ ತಾನಾಗಿ ಫೋನ್ ಹೋಗುವ ವ್ಯವಸ್ಥೆ ಮಾಡಿ, ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ಅವರ ಯೋಜನೆ. ಬಂದವರು ಕಾರ್ಕಳದ ಕಡೆಯ ಒಬ್ಬ ಮೇಡಂ, ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಜನವರಿಯ ಬಿಸಿಲಲ್ಲೂ ಅವರ ಚೀಲದಲ್ಲಿ ಮಡಚಿದ ರೈನ್‌ಕೋಟ್ ಇತ್ತು. ಅದನ್ನು ನೋಡಿದಾಗಲೇ ಇವರು ಕೆಲಸದವರು ಎಂದು ನನಗೆ ಅನಿಸಿತ್ತು.

“ನಮ್ಮ ಜೊತೆ ಬಂದು ಫಾರ್ಮ್ ತುಂಬಿಸಿದ್ರೆ ಒಂದು ಮನೆಗೆ ಅರವತ್ತು ಕೊಡ್ಲಿಕ್ಕೆ ಆಗ್ತದೆ ಸರ್.”

“ಅರವತ್ತಕ್ಕೆ ಗೇಟಿನವರೆಗೆ ಹೋಗಬಹುದು ಮೇಡಂ. ಒಳಗೆ ಹೋದ ಮೇಲೆ ನಾಯಿ ಕಚ್ಚಿದರೆ ಇಂಜೆಕ್ಷನ್ ಯಾರದ್ದು?”

“ನಿಮ್ಮನ್ನು ಕಚ್ಚುವ ನಾಯಿ ಉಂಟಾ ಈ ಊರಲ್ಲಿ?”

“ಅದು ಉಂಟು. ಹೋದ ವರ್ಷ ಅದರ ಮನೆಯದ್ದೇ ಬಾಗಿಲು ತಂದದ್ದು ನಾನು.”

ಅವರು ನಕ್ಕರು, ಎಂಬತ್ತಾಯಿತು.

ಸಮೀಕ್ಷೆಗೆ ಆರಿಸಿದ್ದ ವಾರ್ಡು ಹೊಳೆಗೂ ಸಮುದ್ರಕ್ಕೂ ನಡುವಿನ ಪಟ್ಟಿ. ಒಂದೇ ರಸ್ತೆ. ಇನ್ನೂರರ ಹತ್ತಿರ ಮನೆಗಳು. ತುಳುವಿನವರು, ಕೊಂಕಣಿ ಕ್ರಿಶ್ಚಿಯನ್ನರು, ಕೆಲವು ಬ್ಯಾರಿ ಮುಸ್ಲಿಮರು. ಹೆಚ್ಚಿನ ಮನೆಗಳ ಗಂಡಸು ಗಲ್ಫಿನಲ್ಲಿ. ಆ ಪಟ್ಟಿಯ ಅತಿ ತಗ್ಗಿನಲ್ಲಿ, ಹೊಳೆಯ ಕಡೆಗೆ, ನನ್ನ ತಂಗಿಯ ಮನೆ.

ತಂಗಿ ನನಗಿಂತ ಏಳು ವರ್ಷ ಸಣ್ಣವಳು. ಮೂವತ್ತು ವರ್ಷ ಬೀಡಿ ಕಟ್ಟಿದಳು. ಅದರ ಹುಡಿಯೋ ಮತ್ತೇನೋ, ಅವಳ ಶ್ವಾಸಕೋಶ ಕೆಟ್ಟಿತು. ಡಾಕ್ಟರು ಮನೆಗೇ ಒಂದು ಯಂತ್ರ ಬರೆದುಕೊಟ್ಟರು. ಕೋಣೆಯ ಗಾಳಿಯಿಂದಲೇ ಆಮ್ಲಜನಕ ಹಿಂಡಿ ಮೂಗಿನ ಕೊಳವೆಗೆ ಕೊಡುವ ಯಂತ್ರ, ಕರೆಂಟಿನಲ್ಲಿ ನಡೆಯುವಂಥದ್ದು. ಹಗಲೂ ರಾತ್ರಿ ಗೊರಕೆ ಹೊಡೆಯುತ್ತಿದ್ದುದರಿಂದ ಅವಳು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದಳು. “ಎಮ್ಮೆ ಮಲಗಿದರೆ ನಾನೂ ಮಲಗಿದ ಹಾಗೆ ಅಣ್ಣ” ಎನ್ನುತ್ತಿದ್ದಳು. ಕರೆಂಟ್ ಹೋದರೆ ಇನ್ವರ್ಟರ್ ಸ್ವಲ್ಪ ಹೊತ್ತು ಎಳೆಯುತ್ತಿತ್ತು. ಆಮೇಲೆ ಮಂಚದ ಬಳಿ ನಿಲ್ಲಿಸಿದ್ದ ಸಣ್ಣ ಸಿಲಿಂಡರ್. ಅವಳ ಗಂಡ, ನನ್ನ ಭಾವ, ಮಸ್ಕತ್ತಿನಲ್ಲಿ ತೈಲದ ಪ್ಲಾಂಟಿನಲ್ಲಿದ್ದ. ಮಗಳು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಳು. ಅಡುಗೆಗೂ ಆರೈಕೆಗೂ ಪೆರ್ಡೂರಿನ ಕಡೆಯ ಒಬ್ಬಾಕೆ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದಳು. ನಾನು ದಿನಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ನಮ್ಮ ಅಳಿಯಕಟ್ಟಿನ ಕುಟುಂಬಗಳಲ್ಲಿ ತಂಗಿಯ ಮನೆಗೆ ಅಣ್ಣ ಅತಿಥಿಯಲ್ಲ, ಜವಾಬ್ದಾರ.

ಫಾರ್ಮು ಟ್ಯಾಬಿನಲ್ಲಿತ್ತು. ಮನೆಯಲ್ಲಿ ಎಷ್ಟು ಜನ, ನಡೆಯಲಾಗದವರು ಯಾರು, ಬಾವಿ ಎಲ್ಲಿ, ದೋಣಿ ಉಂಟೋ ಎಂಬ ಪ್ರಶ್ನೆಗಳು. ಕೊನೆಗೆ ಒಂದು ಖಾನೆ: ಮನೆಯ ಮುಖ್ಯಸ್ಥರ ಮೊಬೈಲ್ ಸಂಖ್ಯೆ. ಎಚ್ಚರಿಕೆಯ ಫೋನು ಹೋಗುವುದು ಆ ಸಂಖ್ಯೆಗೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಎಷ್ಟೋ ಮನೆ, ಜಾಗ ಎಲ್ಲ ಹೆಂಗಸಿನ ಹೆಸರಿನಲ್ಲಿ. ಮನೆಯ ಹಂಚು ಬದಲಿಸುವುದರಿಂದ ಹಿಡಿದು ಮಗಳ ಮದುವೆಯವರೆಗೆ ತೀರ್ಮಾನ ಅವಳದ್ದೇ. ಆದರೆ ಕಾಗದ ಪತ್ರ ಹಿಡಿದವನು ಅಂಗಳಕ್ಕೆ ಬಂದು “ಮುಖ್ಯಸ್ಥರು ಯಾರು?” ಎಂದರೆ ಸಾಕು, ಅದೇ ಹೆಂಗಸು ಗೋಡೆಯ ಮೇಲಿನ ಗಂಡನ ಫೋಟೋ ತೋರಿಸುತ್ತಾಳೆ.

“ನಂಬರ್ ಅವರದ್ದೇ ಕೊಡುವ ಅಲ್ವಾ?” ಎಂದು ಮೊದಲ ಮನೆಯ ಅಕ್ಕ ಕೇಳಿದರು.

“ಅವರು ಎಲ್ಲಿದ್ದಾರೆ?”

“ಅಬುಧಾಬಿ. ಆದರೆ ಇದು ಇಲ್ಲಿಯ ನಂಬರೇ. ಗ್ಯಾಸಿಗೂ ಇದೇ, ಆಧಾರಿಗೂ ಇದೇ, ಬ್ಯಾಂಕಿಗೂ ಇದೇ. ನನ್ನದು ಬರೀ ಮಾತಾಡ್ಲಿಕ್ಕೆ.”

ಗಲ್ಫಿನವರ ಮನೆ ಗೊತ್ತಿದ್ದವರಿಗೆ ಇದು ಹೊಸತಲ್ಲ. ಗಂಡಸು ಹೋಗುವಾಗ ಊರಿನ ಸಿಮ್ಮನ್ನು ಒಂದು ಹಳೆ ಫೋನಿಗೆ ಹಾಕಿ ಜೊತೆಗೇ ಒಯ್ಯುತ್ತಾನೆ. ಬ್ಯಾಂಕಿನ ಓಟಿಪಿ ಬರಬೇಕಲ್ಲ, ಅದಕ್ಕೆ. ಆ ಫೋನು ಅವನ ರೂಮಿನ ಟ್ರಂಕಿನಲ್ಲೋ ದಿಂಬಿನ ಅಡಿಯಲ್ಲೋ ಇರುತ್ತದೆ, ಹೆಚ್ಚಿನ ದಿನ ಆಫ್. ಅವನಿಗೆ ಫೋನ್ ಮಾಡುವವರೆಲ್ಲ ಗಲ್ಫಿನ ನಂಬರಿಗೆ ಮಾಡುತ್ತಾರೆ. ಊರಿನ ನಂಬರು ಬರೆಯಲಿಕ್ಕೆ ಮಾತ್ರ.

ಹತ್ತಿಪ್ಪತ್ತು ಮನೆ ಮುಗಿಸಿ ರಸ್ತೆಗೆ ಬಂದಾಗ ಮೇಡಂ ನಿಂತರು.

“ಸರ್, ಮನೆಯಲ್ಲಿ ಹಗಲು ಯಾರಿರ್ತಾರೋ ಅವರ ನಂಬರೂ ಒಂದು ತಗೊಳ್ಳುವ. ಖಾನೆ ಸೇರಿಸ್ಲಿಕ್ಕೆ ಆಗ್ತದೆ, ನಾನು ಮಾತಾಡ್ತೇನೆ.”

“ಬೇಡ ಮೇಡಂ. ಹೆಂಗಸರ ನಂಬರ್ ಕೇಳಿದರೆ ನಾಳೆಯಿಂದ ಯಾವ ಗೇಟೂ ತೆರೆಯುವುದಿಲ್ಲ. ಒಂದು ಕೇಳಿ, ಒಂದು ಸಿಗ್ತದೆ. ಎರಡು ಕೇಳಿದ್ರೆ ಎರಡೂ ಹೋಗ್ತದೆ. ವ್ಯಾಪಾರದ ಮಾತು ಇದು.”

ಅವರು ಟ್ಯಾಬನ್ನು ಚೀಲಕ್ಕೆ ಹಾಕಿ, “ನಿಮ್ಮ ಊರು, ನಿಮಗೆ ಗೊತ್ತು” ಎಂದರು. ಆ ಮಾತು ನನಗೆ ಹಿತವಾಯಿತು. ಎರಡು ನಂಬರೆಂದರೆ ಮನೆಗೆ ಎರಡು ಪಟ್ಟು ಹೊತ್ತು, ದುಡ್ಡು ಮಾತ್ರ ಅದೇ ಎಂಬುದೂ ನನ್ನ ತಲೆಯಲ್ಲಿತ್ತು. ಸುಳ್ಳು ಹೇಳುವುದಿಲ್ಲ.

ತಂಗಿಯ ಮನೆಯ ಫಾರ್ಮು ತುಂಬಿಸುವಾಗ ನಾನು ಅವಳನ್ನು ಕೇಳಲೂ ಇಲ್ಲ. ಅವಳಿಗೆ ಮಾತಾಡಿದರೆ ಏದುಸಿರು. ನಡೆಯಲಾಗದವರು: ಒಬ್ಬರು. ಕರೆಂಟಿನ ಮೇಲೆ ಜೀವ ಇರುವವರು: ಒಬ್ಬರು. ಮುಖ್ಯಸ್ಥರ ನಂಬರು: ಭಾವನದ್ದು. ಅವಳ ಮನೆಯ ಗ್ಯಾಸು ಬುಕ್ ಮಾಡುತ್ತಿದ್ದುದು ನಾನೇ ಆದ್ದರಿಂದ ಆ ಹತ್ತು ಅಂಕಿ ನನಗೆ ಬಾಯಿಪಾಠ.

ಮುಂದಿನದು ಅಣಕು ಪ್ರದರ್ಶನ. ನೆರೆ ಬಂದಂತೆ ನಟಿಸಿ, ಫೋನು ಹೋಗಿ, ಜನ ಎಷ್ಟು ಬೇಗ ಹೊರಗೆ ಬರುತ್ತಾರೆ ಎಂದು ನೋಡುವುದು. ಮೇಡಂ ಅದನ್ನು ಜೂನ್ ಕೊನೆಗೆ, ಮಳೆಯಲ್ಲೇ ಇಡಬೇಕೆಂದು ಹೇಳಿದರು. ನಾನು ಒಪ್ಪಲಿಲ್ಲ.

“ಮಳೆಯಲ್ಲಿ ಯಾರು ಬರ್ತಾರೆ ಮೇಡಂ? ಮೇಯಲ್ಲಿ ಇಡಿ. ಮದುವೆಗೆ, ಭೂತದ ನೇಮಕ್ಕೆ, ಗಲ್ಫಿನವರೆಲ್ಲ ಊರಿಗೆ ಬಂದಿರ್ತಾರೆ. ಜನವೇ ಜನ. ನಿಮ್ಮ ಫೋಟೋನೂ ಚಂದ ಬರ್ತದೆ.”

ಮೇ ಎರಡನೇ ವಾರ ಇಟ್ಟರು. ಬೆಳಿಗ್ಗೆ ಹತ್ತಕ್ಕೆ ಫೋನು ಹೋಯಿತು, ಇಡೀ ವಾರ್ಡಿನಲ್ಲಿ ಒಮ್ಮೆಗೇ ರಿಂಗಾಯಿತು. ಅಷ್ಟೊಂದು ಬಗೆಯ ರಿಂಗ್‌ಟೋನ್ ಒಟ್ಟಿಗೆ ನಾನು ಕೇಳಿದ್ದು ಅದೊಂದೇ ಸಲ. ಊರಿನ ಸಿಮ್ಮು ಊರಿನಲ್ಲೇ ಇತ್ತಲ್ಲ. ಗಂಡಸರು ಸೆಂಟು ಹಾಕಿಕೊಂಡು, ಬಿಳಿ ಲುಂಗಿಯುಟ್ಟು ಹೊರಬಂದರು. ಭಾವ ಮತ್ತು ಪಕ್ಕದ ಮನೆಯವನು ತಂಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸಿಲಿಂಡರನ್ನು ಅವಳ ತೊಡೆಯ ಮೇಲಿಟ್ಟು, ಇಬ್ಬರೂ ಎರಡು ಕಡೆ ಹಿಡಿದು ಎತ್ತಿಕೊಂಡು ರಸ್ತೆಗೆ ತಂದರು.

“ಮೆಲ್ಲ ಮಾರಾಯ, ಮದುಮಗಳು ಬಿದ್ದಾಳು!” ಎಂದು ಯಾರೋ ಕೂಗಿದರು.

“ಮದುಮಗಳಿಗೆ ಇಷ್ಟು ಭಾರ ಇರ್ಲಿಲ್ಲ ಆಗ” ಎಂದ ಭಾವ.

ತಂಗಿ ಕೊಳವೆಯ ನಡುವಿನಿಂದಲೇ, “ಆಗ ನೀವು ಎತ್ತಿದ್ದು ಯಾವಾಗ?” ಎಂದಳು. ರಸ್ತೆಯಿಡೀ ನಗು.

ಶಾಲೆಯ ಜಗಲಿಯಲ್ಲಿ ಎಲ್ಲರಿಗೂ ಬನ್ಸು, ಲಿಂಬೆ ಶರಬತ್ತು. “ನಿಜದ ನೆರೆಗೂ ಬನ್ಸ್ ಉಂಟಾ ಮೇಡಂ?” ಎಂದು ಒಬ್ಬರು ಕೇಳಿದರು. ಮೇಡಂ ಗಡಿಯಾರ ನೋಡಿ ಬರೆದುಕೊಂಡರು. ಫೋನು ಎತ್ತದ ಮನೆಯೇ ಇರಲಿಲ್ಲ ಎಂದು ಅವರಿಗೇ ಆಶ್ಚರ್ಯ. ನನ್ನನ್ನು ನಡುವಿಗೆ ನಿಲ್ಲಿಸಿ ಫೋಟೋ ತೆಗೆದರು. ಜೂನ್ ಹದಿನೈದರ ಒಳಗೆ ಆ ಫೋಟೋದಲ್ಲಿದ್ದ ಗಂಡಸರಲ್ಲಿ ಮುಕ್ಕಾಲು ಪಾಲು ವಿಮಾನ ಹತ್ತಿಯಾಗಿತ್ತು, ಭಾವನೂ ಸೇರಿ, ಊರಿನ ಸಿಮ್ಮಿನ ಸಮೇತ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಎರಡನ್ನು ಒಂದಕ್ಕೊಂದು ಜೋಡಿಸಿ ನೋಡಲಿಲ್ಲ, ಅಷ್ಟೆ.

ಜುಲೈ ಕೊನೆಯಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೇ ದಿನ ಬೆಳಿಗ್ಗೆ ನಾನು ಬಜಗೋಳಿಯಲ್ಲಿದ್ದೆ. ಅಲ್ಲಿ ಒಂದು ಮನೆ ಕೆಡವುವವರಿದ್ದರು. ಹಲಸಿನ ಮರದ ನಾಲ್ಕು ಕಂಬಗಳು, ಕೆತ್ತಿದ ಬಾಗಿಲು. ಮಳೆಗಾಲದಲ್ಲಿ ಕೊಳ್ಳುವವರು ಕಡಿಮೆ, ಬೆಲೆ ಇಳಿಯುತ್ತದೆ, ಅದಕ್ಕೇ ಹೋದದ್ದು. ಒಂಬತ್ತು ಗಂಟೆ ದಾಟಿದ ಮೇಲೆ ನನ್ನ ಫೋನಿಗೆ ಒಂದು ಸಂದೇಶ ಬಂತು. ನನ್ನ ಮನೆ ಎತ್ತರದಲ್ಲಿರುವುದರಿಂದ ಎಚ್ಚರಿಕೆಯ ಕರೆ ನನಗೆ ಬರುವುದಿಲ್ಲ. ಸ್ಥಳೀಯ ಸಂಯೋಜಕ ಎಂದು ವರದಿ ಮಾತ್ರ ಬರುತ್ತದೆ. ಹೊಳೆ ಏರುತ್ತಿದೆ, ವಾರ್ಡಿನ ಎಲ್ಲ ಮನೆಗಳಿಗೂ ಕರೆ ಮಾಡಲಾಗಿದೆ ಎಂದು ಅದರಲ್ಲಿತ್ತು.

ಓದಿ ನನಗೆ ನೆಮ್ಮದಿಯಾಯಿತು. ಕಂಬ ಮಾರುವ ಆ ಮನೆಯವರಿಗೆ ತೋರಿಸಿದೆ ಕೂಡ. “ನೋಡಿ, ನಮ್ಮ ಊರಲ್ಲಿ ಎಂಥ ವ್ಯವಸ್ಥೆ ಉಂಟು ಅಂತ. ನಾನೇ ನಿಂತು ಮಾಡಿಸಿದ್ದು.” ಆಮೇಲೆ ಕಂಬಗಳ ಬುಡಕ್ಕೆ ಚೂರಿ ಹಾಕಿ ನೋಡುತ್ತ, ಇಲ್ಲದ ಗೆದ್ದಲನ್ನು ಹುಡುಕುತ್ತ, ಬೆಲೆ ಇಳಿಸುತ್ತ ಕೂತೆ. ಸುಮಾರು ಎರಡು ಗಂಟೆ.

ಹನ್ನೊಂದರ ಹೊತ್ತಿಗೆ ತಂಗಿಯ ಫೋನು. ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಅಣ್ಣ, ಕರೆಂಟ್ ಹೋಯಿತು. ಜಗಲಿ ದಾಟಿ ಒಳಗೆ ನೀರುಂಟು.”

“ನೀನು ಇನ್ನೂ ಮನೆಯಲ್ಲೇ ಇದ್ದೀಯಾ? ಫೋನ್ ಬರಲಿಲ್ಲವಾ ನಿನಗೆ?”

“ಎಂತ ಫೋನ್?”

ಆ ಎರಡು ಶಬ್ದ ಕೇಳಿದ ಕ್ಷಣ ನನಗೆ ಎಲ್ಲವೂ ಅರ್ಥವಾಯಿತು.

ಕೆಲಸದಾಕೆಯ ಬಸ್ಸು ನೀರಿನಿಂದಾಗಿ ಅರ್ಧದಲ್ಲೇ ನಿಂತು, ಅವಳು ಬಂದಿರಲಿಲ್ಲ. ಇನ್ವರ್ಟರ್ ನೆಲದ ಮೇಲಿತ್ತು, ನೀರು ಒಳಗೆ ಬಂದು ಅದೂ ನಿಂತಿತ್ತು. ಸಿಲಿಂಡರ್ ಹಿಂದಿನ ವಾರ ಆಸ್ಪತ್ರೆಗೆ ಹೋಗಿ ಬಂದಾಗ ಖರ್ಚಾಗಿ ಅರ್ಧಕ್ಕಿಂತ ಕಡಿಮೆ ಇತ್ತು. ಉಡುಪಿಗೆ ಹೋದಾಗ ತುಂಬಿಸುವ ಎಂದು ಬಿಟ್ಟವನು ನಾನೇ. ಲೈನಿನ ಕಂಬ ನೀರಿನಲ್ಲಿ ನಿಂತ ಕಡೆ ಕರೆಂಟ್ ತೆಗೆಯದೆ ಆಗುವುದಿಲ್ಲ, ಅದು ತಪ್ಪಲ್ಲ. ಆದರೆ ಎಚ್ಚರಿಕೆಯ ಕರೆಗೂ ಕರೆಂಟ್ ಹೋದದ್ದಕ್ಕೂ ನಡುವೆ ಎರಡು ಗಂಟೆ ಇತ್ತು. ಒಂದು ಆಟೋ, ಅರ್ಧ ಗಂಟೆ ಸಾಕಿತ್ತು.

“ಸಿಲಿಂಡರ್ ಹಾಕಿಕೊ. ನಾನು ಬರುತ್ತೇನೆ.”

“ಹೂಂ. ನೀನು ಗಡಿಬಿಡಿ ಮಾಡಬೇಡ, ರಸ್ತೆ ಜಾರುತ್ತದೆ.”

ಟೆಂಪೋದಲ್ಲಿ ಕೂತು ಪಟ್ಟಿ ತೆರೆದೆ. ಇಡೀ ವಾರ್ಡಿನ ನಂಬರುಗಳು ನನ್ನ ಫೋನಿನಲ್ಲಿದ್ದವು. ತಂಗಿಯ ಪಕ್ಕದ ಮನೆಗೆ ಮಾಡಿದೆ: ಸ್ವಿಚ್ ಆಫ್. ಅದರ ಆಚೆಯದ್ದಕ್ಕೆ: ಸಂಪರ್ಕಕ್ಕೆ ಸಿಗುತ್ತಿಲ್ಲ. ಎದುರಿನ ಮನೆ: ಸ್ವಿಚ್ ಆಫ್. ಕಾರ್ಕಳ ಪೇಟೆ ದಾಟುವವರೆಗೆ ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಫೋನು, ಒಂದರ ನಂತರ ಒಂದು. ತಂಗಿಯ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಎಂಟು ಹತ್ತು ಮನೆಗಳಿದ್ದವು, ಎಲ್ಲದರಲ್ಲೂ ಹೆಂಗಸರಿದ್ದರು, ಎಲ್ಲರ ಕೈಯಲ್ಲೂ ಫೋನಿತ್ತು. ಅವುಗಳಲ್ಲಿ ಒಂದರ ನಂಬರೂ ನನ್ನ ಹತ್ತಿರ ಇರಲಿಲ್ಲ.

ಹನ್ನೊಂದನೆಯದೋ ಹನ್ನೆರಡನೆಯದೋ ರಿಂಗಾಯಿತು.

“ಹಲೋ, ಎಂತ ಮಾರಾಯ್ರೆ, ಈ ನಂಬರಿಗೆ? ನಾನು ದೋಹಾದಲ್ಲಿ. ಇವತ್ತು ಬ್ಯಾಂಕಿನದ್ದು ಒಂದು ಉಂಟು ಅಂತ ಆನ್ ಮಾಡಿದ್ದು, ಇಲ್ಲದಿದ್ರೆ...”

“ನಿಮ್ಮ ಹೆಂಡತಿಗೆ ಫೋನ್ ಮಾಡಿ. ನನ್ನ ತಂಗಿಯ ಮನೆಗೆ ಈಗಲೇ ಹೋಗ್ಲಿಕ್ಕೆ ಹೇಳಿ. ನೀರು ಬಂದಿದೆ, ಕರೆಂಟಿಲ್ಲ.”

“ಊರಲ್ಲಿ ನೆರೆಯಾ? ನಮ್ಮ ಮನೆಗೆ? ಯಾರೂ ಹೇಳ್ಲಿಲ್ಲವಲ್ಲ!”

ಬೆಳ್ಮಣ್ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಶಿರ್ವದ ಹತ್ತಿರ ನೀರು. ಬಳಸಿ ಬಳಸಿ ನಾನು ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಆ ದೋಹಾದವನ ಹೆಂಡತಿ, ನಾವು ಬಾಯಿ ಎಂದು ಕರೆಯುವ ಕ್ರಿಶ್ಚಿಯನ್ ಹೆಂಗಸು, ಸೊಂಟದವರೆಗಿನ ನೀರಿನಲ್ಲಿ ನಡೆದು ಹೋಗಿ ತಂಗಿಯನ್ನು ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದರಂತೆ. ಆಮೇಲೆ ಅವರೇ ಬೀಚಿನ ಕಡೆಯ ಮೀನುಗಾರರನ್ನು ಕೂಗಿ ಕರೆಸಿ ದೋಣಿ ತರಿಸಿದ್ದು. ನಾನು ಬರುವಾಗ ದೋಣಿ ರಸ್ತೆಗೆ ಬಂದಿತ್ತು. ತಂಗಿಗೆ ಎಚ್ಚರವಿರಲಿಲ್ಲ, ಉಗುರು ನೀಲಿಯಾಗಿತ್ತು.

ಬಾಯಿ ನನಗೆ ಒಂದು ವಿಷಯ ಹೇಳಿದ್ದು ಬಹಳ ದಿನಗಳ ನಂತರ. ಅವರು ನೀರಿನಲ್ಲಿ ನಡೆದು ಒಳಗೆ ಹೋಗುವಾಗ ತಂಗಿ ಸಿಲಿಂಡರಿನ ತಿರುಗಣೆಯನ್ನು ಅತಿ ಕಡಿಮೆಗೆ ಇಳಿಸಿ ಇಟ್ಟಿದ್ದಳಂತೆ. “ಜಾಸ್ತಿ ಮಾಡಿ ಅಕ್ಕಾ ಅಂದೆ. ಬೇಡ, ಅಣ್ಣ ಬರುವವರೆಗೆ ಸಾಕಾಗ್ಬೇಕು ಅಂದ್ರು.”

ಮಣಿಪಾಲದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಅಲ್ಲಿಯವರು ಮಾಡುವುದನ್ನೆಲ್ಲ ಮಾಡಿದರು. ಹತ್ತನೇ ದಿನ ಇಲ್ಲ.

ಭಾವ ಮೂರನೇ ದಿನವೇ ಬಂದಿದ್ದ. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಆ ಹಳೆ ಫೋನನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಇಟ್ಟ. ಮುಖ್ಯಸ್ಥನ ನಂಬರಿನ ಫೋನು.

“ಆ ದಿನ ಇದು ಆನ್ ಇತ್ತು ಭಾವ. ರೂಮಿನಲ್ಲಿ ಚಾರ್ಜಿಗೆ ಇಟ್ಟು ಹೋಗಿದ್ದೆ. ಪ್ಲಾಂಟಿನ ಒಳಗೆ ಯಾವ ಫೋನೂ ಬಿಡುವುದಿಲ್ಲ. ಸಂಜೆ ಬಂದು ನೋಡುವಾಗ ಮೂರು ಸಲ ಬಂದಿತ್ತು. ಎಂತದೋ ಲೋನಿನವರು ಅಂತ ನಾನು ಡಿಲೀಟ್ ಮಾಡಿದೆ.”

ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಸೊಸೆ, ತಂಗಿಯ ಮಗಳು, ನನ್ನನ್ನೇ ನೋಡಿ ಕೇಳಿದಳು:

“ಮಾಮ, ಅಮ್ಮನ ಫೋನ್ ದಿಂಬಿನ ಹತ್ತಿರವೇ ಇತ್ತಲ್ಲ. ಪಪ್ಪನ ನಂಬರ್ ಬರೆದದ್ದು ಯಾರು?”

“ಫಾರ್ಮಿನಲ್ಲಿ ಮುಖ್ಯಸ್ಥರದ್ದು ಅಂತ ಇತ್ತು ಮಗಾ.”

“ಬರೆದದ್ದು ಯಾರು ಅಂತ ಕೇಳಿದ್ದು.”

“ನಾನು.”

ಅವಳು ಒಳಗೆ ಹೋದಳು. ಈಗಲೂ ಊರಿಗೆ ಬಂದರೆ ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ. ಮಾತು ಮಾತ್ರ ಎಷ್ಟು ಬೇಕೋ ಅಷ್ಟು.

ಸೆಪ್ಟೆಂಬರಿನಲ್ಲಿ ಮೇಡಂ ಬಂದರು. ಶೆಡ್ಡಿನಲ್ಲಿ ಹಳೆ ಬಾಗಿಲುಗಳ ನಡುವೆ ಸ್ಟೂಲಿನ ಮೇಲೆ ಕೂತು ವರದಿಯ ವಿಷಯ ತೆಗೆದರು. ವರದಿ ಆಗಲೇ ಹೋಗಿತ್ತು; ಮೇ ತಿಂಗಳ ಅಣಕು ಪ್ರದರ್ಶನವನ್ನು ನಂಬಿ ಈ ವಾರ್ಡನ್ನು ಸನ್ನದ್ಧ ಎಂದು ಬರೆದಿದ್ದರು. ತಿದ್ದಬೇಕೆಂದು ಅವರು ಮೇಲಿನವರಿಗೆ ಹೇಳಿದ್ದರು. ಯೋಜನೆಯ ಅವಧಿ ಮುಗಿದಿದೆ, ದುಡ್ಡಿಲ್ಲ, ಇನ್ನೊಮ್ಮೆ ನೋಡುವ ಎಂದು ಉತ್ತರ ಬಂದಿತ್ತಂತೆ.

“ನಾನು ಅವತ್ತು ಹಟ ಮಾಡ್ಬೇಕಿತ್ತು ಸರ್.”

“ನೀವು ಹೇಳಿದ್ದು ಸರಿ ಇತ್ತು. ಕೇಳದವನು ನಾನು.”

“ನಿಮ್ಮನ್ನು ದೂರ್ಲಿಕ್ಕೆ ನಾನು ಬಂದದ್ದಲ್ಲ.”

“ಗೊತ್ತುಂಟು. ಆದರೆ ದೂರಿದ್ರೆ ಒಳ್ಳೆಯದಿತ್ತು.”

ಹೊಸ ಫಾರ್ಮು ಇಲ್ಲ, ದುಡ್ಡೂ ಇಲ್ಲ. ಒಂದು ನೋಟ್ ಪುಸ್ತಕ ಹಿಡಿದುಕೊಂಡು ನಾವಿಬ್ಬರೂ ಭಾನುವಾರಗಳಲ್ಲಿ ಮತ್ತೆ ಮನೆಮನೆಗೆ ಹೋದೆವು. ಇಷ್ಟಾದ ಮೇಲಾದರೂ ಜನ ಸರಿಯಾದ ನಂಬರು ಕೊಡುತ್ತಾರೆಂದು ನಂಬಿದ್ದೆ. ಮೊದಲ ಮನೆಯ ಅಕ್ಕ ತಂಗಿಯ ವಿಷಯ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಂಬರು ಕೇಳಿದೆ.

“ಆಗ ಕೊಟ್ಟದ್ದು ಉಂಟಲ್ಲ? ಅದೇ.”

“ಅದು ಅಬುಧಾಬಿಯಲ್ಲಿ ಉಂಟಲ್ಲ ಅಕ್ಕಾ. ನಿಮ್ಮ ಕೈಯಲ್ಲಿರುವುದು ಬೇಕು.”

“ನನ್ನದು ಕೊಟ್ಟರೆ ಅವರಿಗೆ ಸರಿ ಕಾಣುವುದಿಲ್ಲ. ಕೇಳಿ ಹೇಳ್ತೇನೆ.”

ಇನ್ನೊಂದು ಮನೆಯಲ್ಲಿ, ಆಗ ನಂಬರ್ ಕೊಟ್ಟ ಮೇಲೆ ಇನ್ಶೂರೆನ್ಸಿನವರ ಕಾಟ ಶುರುವಾಯಿತು ಎಂದು ನಮಗೇ ಬೈದರು. ಮತ್ತೊಂದರಲ್ಲಿ, “ನಿಮ್ಮ ತಂಗಿಯದ್ದು ಆಯಸ್ಸು ಮುಗಿದಿತ್ತು, ಫೋನ್ ಬಂದ್ರೆ ಉಳಿತಿದ್ರಾ?” ಎಂದು ಸಮಾಧಾನ ಹೇಳಿದರು. ನಾಲ್ಕು ಭಾನುವಾರ ತಿರುಗಿ ನಮಗೆ ಸಿಕ್ಕಿದ್ದು ಹದಿನಾಲ್ಕು ನಂಬರು, ಅದರಲ್ಲಿ ಬಾಯಿಯದ್ದು ಒಂದು. ಆಮೇಲೆ ಮೇಡಂಗೆ ಬೇರೆ ಊರಿನಲ್ಲಿ ಕೆಲಸವಾಯಿತು. ಪುಸ್ತಕ ನನ್ನ ಹತ್ತಿರ ಇದೆ. ಹದಿನಾಲ್ಕು ಮನೆಗೆ ಫೋನ್ ಮಾಡುವುದು ನಾನೇ, ಬೆರಳಿನಿಂದ ಒತ್ತಿ. ಉಳಿದವರ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿದೆ, ಅವರಿಗೂ ಗೊತ್ತಿದೆ. ಮುಂದಿನ ಮಳೆಗೆ ಏನೂ ಬದಲಾಗಿರುವುದಿಲ್ಲ.

ಇನ್ನು ನಾನು ಹೇಳುವುದನ್ನು ನೀವೂ ಮಾಡಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಹೇಳದೆ ಇರುವುದು ನನ್ನಿಂದ ಆಗುವುದಿಲ್ಲ.

ಯಾವ ಕಾಗದದಲ್ಲಿ ಮುಖ್ಯಸ್ಥರೆಂದು ಇದ್ದರೂ, ಅಪಾಯದ ವಿಷಯಕ್ಕೆ ಮುಖ್ಯಸ್ಥರೆಂದರೆ ಬೆಳಿಗ್ಗೆ ಹನ್ನೊಂದಕ್ಕೆ ಮನೆಯಲ್ಲಿರುವವರು. ಅದು ಹೆಂಗಸಾಗಲಿ, ಕೆಲಸದಾಕೆಯಾಗಲಿ, ಹಾಸಿಗೆ ಹಿಡಿದವರಾಗಲಿ, ಅವರ ನಂಬರು ಬರೆಯಿರಿ. ಗಂಡನಿಗೆ ಬೇಸರವಾದರೆ ಆಗಲಿ, ಅದಕ್ಕೆ ಮದ್ದುಂಟು. ನಿಮ್ಮ ಎಡಬಲದ ಎರಡೆರಡು ಮನೆಯ ಹೆಂಗಸರ ನಂಬರು ನಿಮ್ಮ ಫೋನಿನಲ್ಲಿ ಇರಲಿ, ನಿಮ್ಮದು ಅವರಲ್ಲಿ ಇರಲಿ. “ಎಲ್ಲರಿಗೂ ಕರೆ ಹೋಗಿದೆ” ಎಂದು ಯಾರಾದರೂ ಹೇಳಿದರೆ, ಯಾರು ಎತ್ತಿದರು ಎಂದು ತಿರುಗಿ ಕೇಳಿ. ಹೋಗುವುದು ಬೇರೆ, ಎತ್ತುವುದು ಬೇರೆ.

ಮನೆಯಲ್ಲಿ ಕರೆಂಟಿನ ಮೇಲೆ ಉಸಿರಾಡುವವರಿದ್ದರೆ ಇನ್ವರ್ಟರನ್ನು ಸೊಂಟದೆತ್ತರಕ್ಕೆ ಗೋಡೆಗೆ ಏರಿಸಿ. ಸಿಲಿಂಡರ್ ಎರಡು ಇರಲಿ, ಎರಡೂ ಮೇ ಕೊನೆಗೆ ತುಂಬಿರಲಿ, ಸ್ವಲ್ಪ ಖರ್ಚಾದರೂ ಅದೇ ವಾರ ತುಂಬಿಸಿ. ಹೊಳೆ ಬದಿಯವರಾದರೆ ಬಿಡದ ಮಳೆ ಎರಡನೇ ದಿನಕ್ಕೆ ಮುಂದುವರಿದ ಕೂಡಲೇ, ಯಾರ ಫೋನಿಗೂ ಕಾಯದೆ, ಅವರನ್ನು ಎತ್ತರದ ನೆಂಟರ ಮನೆಗೆ ಕಳಿಸಿ. ನೀರು ಬರದಿದ್ದರೆ ನಗುವವರು ನಗಲಿ.

ಅಣಕು ಪ್ರದರ್ಶನ ಮಾಡುವವರಿಗೆ ಕೊನೆಯ ಮಾತು. ಮದುವೆ, ನೇಮದ ದಿನಗಳಲ್ಲಿ ಮಾಡಬೇಡಿ. ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ ಮಾಡಿ. ಆಟಿಯಲ್ಲಿ ಶುಭಕಾರ್ಯ ಇಲ್ಲ ಎಂದು ಹಿರಿಯರು ಹೇಳುತ್ತಾರೆ. ಇದು ಶುಭಕಾರ್ಯವಲ್ಲ, ಅಡ್ಡಿಯಿಲ್ಲ. ಒಂದು ಮಂಗಳವಾರ, ಮಳೆ ಜೋರಿರುವಾಗ, ಬೆಳಿಗ್ಗೆ ಹನ್ನೊಂದಕ್ಕೆ, ಯಾರಿಗೂ ಮೊದಲೇ ತಿಳಿಸದೆ ಮಾಡಿ. ಶಾಲೆಯ ಜಗಲಿಗೆ ಬಂದವರನ್ನು ಎಣಿಸಬೇಡಿ, ಬಾರದವರ ಮನೆಗೆ ಹೋಗಿ ಬಾಗಿಲು ತಟ್ಟಿ. ಕಾಲಿಗೆ ಗಂಬೂಟು ಹಾಕಿಕೊಳ್ಳಿ, ಆ ಹೊತ್ತಿಗೆ ಅಂಗಳದಲ್ಲಿ ಪಾಚಿ ಇರುತ್ತದೆ.